ಹಳದಿ ಚೀಲ

ಮಡಿಕೇರಿಯ ಸರ್ಜಿಕಲ್ ವಾರ್ಡಿನಲ್ಲಿ ಆ ಜನವರಿ
ಹತ್ತು ಗಂಟೆಯವರೆಗೂ ಕಿಟಕಿಯ ಗಾಜು ಬೆಳ್ಳಗೆ.
ಮಾಲ್ದಾರೆ ಕಡೆಯ ಯಾವುದೋ ತೋಟದ ರೈಟರು
ಅವಳನ್ನು ಜೀಪಿನಿಂದ ಇಳಿಸಿ, ಹೆಸರು ಬರೆಸಿ,
'ಕೊಯ್ಲು ನಡೀತಿದೆ ಸಿಸ್ಟರೇ' ಎಂದು ಹೊರಟೇಬಿಟ್ಟ.
ಹೆಸರು ಚೋಮಿ.
ವಯಸ್ಸು ಅರವತ್ತು, ಅದು ಅವನ ಅಂದಾಜು.
ಸಂಬಂಧಿಕರು ಎಂಬಲ್ಲಿ ಒಂದು ಗೀಟು.

ಬಲಗಾಲು ಮೊಣಕಾಲಿನ ಕೆಳಗೆ ಕಪ್ಪು.
ಕಾಫಿ ಹಣ್ಣು ಗಿಡದಲ್ಲೇ ಒಣಗಿದರೆ ಆಗುತ್ತದಲ್ಲ, ಆ ಕಪ್ಪು.
ವಾಸನೆಯ ಬಗ್ಗೆ ಬರೆಯಲಾರೆ.
ಪಕ್ಕದ ಮಂಚದ ಹೆಂಗಸು ಜಗಳಾಡಿ ಜಾಗ ಬದಲಿಸಿಕೊಂಡಳು, ಅಷ್ಟೆ.

ಡಾಕ್ಟರ್ ಶರಣಬಸಪ್ಪ ಸೇಡಂ ಕಡೆಯವರು, ಬಂದು ನಾಲ್ಕು ತಿಂಗಳು,
ಒಂದರ ಮೇಲೊಂದು ಎರಡು ಸ್ವೆಟರು.
ಮಂಚದ ತುದಿಗೆ ಕೂತು
ಕಾಲಿನ ಮಾತನ್ನು ಕಾಲು ಗಂಟೆ ಆಡಿದರು:
ಸಕ್ಕರೆ, ರಕ್ತನಾಳ, ನಂಜು ಏರುವ ದಾರಿ,
ಕುಯ್ದರೆ ಏನು, ಬಿಟ್ಟರೆ ಎಷ್ಟು ದಿನ.
ಆಯಾ ಮುತ್ತಿ ಅಷ್ಟನ್ನೂ ತನ್ನವರ ಎರವ ಮಾತಿಗೆ ತಂದಳು,
ನಾಲ್ಕೇ ಶಬ್ದದಲ್ಲಿ.

ಚೋಮಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಒಂದು ಪ್ರಶ್ನೆ ಕೇಳಿದಳು.
ಮುತ್ತಿ ನಕ್ಕಳು, ಆಮೇಲೆ ನಗು ನಿಲ್ಲಿಸಿ ನಮ್ಮತ್ತ ತಿರುಗಿದಳು:
'ಕುಯ್ದ ಕಾಲನ್ನ ಕೊಡ್ತೀರಾ ಅಂತ ಕೇಳ್ತಾಳೆ.
ಅವಳವ್ವನ ಪಕ್ಕ ಹೂಳಬೇಕಂತೆ.
ನಾಳೆ ತಾನು ಸತ್ತು ಅಲ್ಲಿಗೆ ಹೋದಾಗ
ಕುಂಟಿಕೊಂಡು ಹುಡುಕ್ತಾ ತಿರುಗೋಕೆ ಆಗಲ್ಲ ಅಂತಾಳೆ.'

ನಿಯಮ ನನಗೆ ಬಾಯಿಪಾಠ.
ದೇಹದ ಭಾಗ ಹಳದಿ ಚೀಲಕ್ಕೆ, ಚೀಲ ವ್ಯಾನಿಗೆ,
ವ್ಯಾನು ಘಟ್ಟ ಇಳಿದು ಎಲ್ಲೋ ಒಂದು ಒಲೆಗೆ.
ಬೇಕೇ ಬೇಕೆಂದರೆ ಅರ್ಜಿ ಕೊಡಬಹುದು,
ಗುರುತಿನ ಚೀಟಿ ಬೇಕು, ಒಯ್ಯಲು ಒಬ್ಬ ಬಂಧು ಬೇಕು.
ಬಂಧುವಿನ ಜಾಗದಲ್ಲಿ ಗೀಟು.
ಜ್ವರ ನೂರಾ ಮೂರು.

ನರ್ಸಿಂಗ್ ಕಾಲೇಜಿನಲ್ಲಿ ನೀತಿಯದೇ ಒಂದು ಪೇಪರಿತ್ತು.
ರೋಗಿಯ ಇಚ್ಛೆ ದೊಡ್ಡದೋ ಹಿತ ದೊಡ್ಡದೋ, ಚರ್ಚಿಸಿ, ಹತ್ತು ಅಂಕ.
ಎರಡೂ ಎಂದು ಬರೆದು ಏಳು ತೆಗೆದಿದ್ದೆ.
ಫಲ ನೋಡಿ ಮಾಡು ಎಂದವನೊಬ್ಬ,
ಪ್ರಾಣ ಹೋದರೂ ಸುಳ್ಳಾಡಬೇಡ ಎಂದವನೊಬ್ಬ,
ಇಬ್ಬರ ಹೆಸರೂ ಈಗ ಮರೆತಿದೆ.
ಇಬ್ಬರೂ ರಾತ್ರಿಪಾಳಿ ಮಾಡಿದವರಲ್ಲ.

ಡಾಕ್ಟರು ನನ್ನ ಮುಖ ನೋಡಿದರು. ನಾನು ಮುತ್ತಿಯದು.
ಮುತ್ತಿ ಯಾರ ಮುಖವನ್ನೂ ನೋಡದೆ
ಹೊದಿಕೆಯ ಅಂಚು ಸರಿಮಾಡುತ್ತ ಅವಳಿಗೇನೋ ಹೇಳಿದಳು.
ನನ್ನ ಕೊಡವ ತಕ್ಕಿಗೂ ಆ ಮಾತಿಗೂ ದೂರದ ನಂಟು,
ಅರ್ಧ ತಿಳಿಯುತ್ತದೆ.
ಅರ್ಧವೇ ಸಾಕಿತ್ತು: ಕೊಡುತ್ತಾರೆ.

'ಏನಂದಳು?' ಎಂದರು ಡಾಕ್ಟರು.
'ಒಪ್ಪಿದಳಂತೆ' ಎಂದವಳು ನಾನು.
ಇಂಕ್ ಪ್ಯಾಡಿನ ಮುಚ್ಚಳ ತೆಗೆದವಳೂ.

ಅವಳ ಹೆಬ್ಬೆರಳಲ್ಲಿ ಗೆರೆಗಳೇ ಇರಲಿಲ್ಲ.
ಎಷ್ಟು ಕೊಯ್ಲು ಉಜ್ಜಿದ ಬೆರಳೋ,
ಕಾಗದದ ಮೇಲೆ ಬರಿಯ ನೀಲಿ ಉಂಡೆ.
ಸರ್ಕಾರಕ್ಕೆ ಅದು ಸಮ್ಮತಿ.

ಬದುಕಿದಳು.

ಎಚ್ಚರವಾದ ಮೂರನೆಯ ದಿನ ಎಲ್ಲಿ ಎಂದು ಕೇಳಿದಾಗ
ಮಾಲ್ದಾರೆಗೆ ಒಯ್ಯಲು ಬಿಡಲಿಲ್ಲ, ಇಲ್ಲೇ ಹಿಂದೆ,
ಹಲಸಿನ ಬುಡದಲ್ಲಿ ಎಂದುಬಿಟ್ಟಳು ಮುತ್ತಿ.
ನಾನು ಡ್ರೆಸ್ಸಿಂಗ್ ಬಿಚ್ಚುತ್ತಿದ್ದೆ.
ತಲೆಯಾಡಿಸಿದೆ.

ತಿಂಗಳಿಗೊಮ್ಮೆ ಊರುಗೋಲಲ್ಲಿ ಬರುತ್ತಾಳೆ, ಗುಳಿಗೆಗೆ.
ಸಕ್ಕರೆ ಹತೋಟಿಯಲ್ಲಿದೆ.
ಮೊನ್ನೆ ಮುತ್ತಿಗೆ ರಜೆ.
ಸೆರಗಿನ ಗಂಟು ಬಿಚ್ಚಿ ನನ್ನ ಕೈಗೆ
ಒಂದು ಹಿಡಿ ಅಕ್ಕಿ, ಒಂದು ವೀಳ್ಯದೆಲೆ, ಅರ್ಧ ಅಡಕೆ.
ಆ ಇಳಿಜಾರು ನನ್ನಿಂದಾಗದು ಅವ್ವ, ನೀನೇ ಇಟ್ಟು ಬಾ.
ಈ ಸಲ ಪೂರ್ತಿ ತಿಳಿಯಿತು.

ಇಳಿದು ಹೋದೆ.
ಹಲಸಿನ ಮರವೇನೋ ಇದೆ, ಅದರ ನೆರಳಲ್ಲೇ ಚೀಲದ ಕೋಣೆ,
ಕೆಂಪು, ನೀಲಿ, ಹಳದಿ, ಬಾಗಿಲಿಗೆ ಬೀಗ.
ಬುಡದಲ್ಲಿ ಎಲೆ ಹಾಸಿ ಅಕ್ಕಿ ಸುರಿದೆ.
'ಏನು ಸಿಸ್ಟರೇ?' ಎಂದ ಗಾರ್ಡು.
'ಏನಿಲ್ಲ, ಹಕ್ಕಿಗೆ.'
ಚಪ್ಪಲಿ ಯಾಕೆ ಕಳಚಿಟ್ಟಿರಿ ಎಂದು
ಅವನು ಕೇಳಲಿಲ್ಲ.